ತಾಯಿ ಕೊಟ್ಟ ಒಲೆ

ನಮ್ಮ ಉಡುಪಿ ಕಡೆಯ ಮನೆಗಳಲ್ಲಿ ಹಿಂದೆ ಒಂದು ಕ್ರಮವಿತ್ತು. ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ. ಎಲ್ಲಿಂದ ಬಂದಿರಿ, ಏನು ವಿಷಯ ಎಂಬುದೆಲ್ಲ ಆಮೇಲೆ. ಈಗ ಆ ಬೆಲ್ಲದ ಜಾಗದಲ್ಲಿ ಒಂದು ಪ್ರಶ್ನೆ ಬಂದು ಕೂತಿದೆ. "ನಿಮಗೆ ಶುಗರ್ ಉಂಟಾ ಟೀಚರ್?" ಎಂದು ಕೇಳಿಕೊಂಡೇ ಚಾಯಕ್ಕೆ ನೀರಿಡುತ್ತಾರೆ. ಕೇಳುವವರದೇನೂ ತಪ್ಪಿಲ್ಲ, ಬಂದವರ ಆರೋಗ್ಯದ ಕಾಳಜಿ. ಆದರೆ ಆ ಪ್ರಶ್ನೆಯ ಬಾಲದಲ್ಲಿ ಒಂದು ತೀರ್ಪೂ ಇರುತ್ತದೆ. "ಇಲ್ಲ" ಎಂದರೆ "ಪುಣ್ಯವಂತರು ಮಾರಾಯ್ತಿ" ಎಂಬ ಮಾತು. "ಉಂಟು" ಎಂದರೆ ಒಂದು ನೋಟ. ಸಿಹಿ ಜಾಸ್ತಿ ತಿಂದಿರಬೇಕು ಎಂದು ಆ ನೋಟ ಹೇಳುತ್ತದೆ.

ಈ ನೋಟಕ್ಕೆ ಗುರಿಯಾಗುವವರ ಸಂಖ್ಯೆ ಸಣ್ಣದಲ್ಲ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನವರು ನಮ್ಮ ಕರಾವಳಿಯ ಹಳ್ಳಿಗಳಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮೂವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು 16 ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಇಡೀ ದೇಶದ ಲೆಕ್ಕ 2023ರಲ್ಲಿ ಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆ ದೊಡ್ಡ ಅಧ್ಯಯನದ ಪ್ರಕಾರ ಸುಮಾರು 10 ಕೋಟಿ ಜನರಿಗೆ ಕಾಯಿಲೆ ಬಂದಾಗಿದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಹೊಸ್ತಿಲಲ್ಲಿ ನಿಂತಿದ್ದಾರೆ. ಇಷ್ಟು ಜನರೂ ಡಬ್ಬಿಗೆ ಕೈ ಹಾಕಿ ಸಕ್ಕರೆ ಮುಕ್ಕಿದವರೇ? ನನಗೆ ನಂಬಿಕೆ ಬರುವುದಿಲ್ಲ. ಯಾಕೆಂದರೆ ನಾನು ನನ್ನ ಅಮ್ಮನನ್ನು ನೋಡಿದ್ದೇನೆ.

ಅಮ್ಮನ ಮನೆ ಕಾಪುವಿನಲ್ಲಿ. 1901ರಲ್ಲಿ ಕಟ್ಟಿದ ದೀಪಸ್ತಂಭದ ಬೆಳಕು ರಾತ್ರಿ ಅಂಗಳದ ತೆಂಗಿನ ಮರಗಳ ಮೇಲೆ ಹಾದುಹೋಗುವಷ್ಟು ಹತ್ತಿರ. ಅಮ್ಮನಿಗೆ ಸಿಹಿ ಅಂದರೆ ಆಗುತ್ತಿರಲಿಲ್ಲ. ಮದುವೆ ಮನೆಯ ಹೋಳಿಗೆಯನ್ನು ನಮ್ಮ ಎಲೆಗೆ ದಾಟಿಸಿ, ತಾನು ಉಪ್ಪಿನಕಾಯಿ ನೆಕ್ಕಿ ಏಳುವ ಹೆಂಗಸು. ಅವಳ ಊಟವೆಂದರೆ ಕುಚ್ಚಲಕ್ಕಿ ಗಂಜಿ, ಒಂದು ಚಟ್ನಿ, ಸಿಕ್ಕಿದ ದಿನ ಮೀನು. ಅಂಥವಳಿಗೆ ಐವತ್ತು ತುಂಬುವಷ್ಟರಲ್ಲಿ ಶುಗರ್ ಬಂತು. ನೋಡಲು ಬಂದ ನೆಂಟರೆಲ್ಲ "ಗುಟ್ಟಲ್ಲಿ ತಿಂದಿರಬೇಕು" ಎಂದು ನಗೆಯಾಡಿದರು. ಅಮ್ಮ ನಗಲಿಲ್ಲ. "ನಾನು ಏನು ತಿಂದೆ ಅಂತ ನನಗೆ ಇದು ಬಂತು?" ಎಂದು ತುಳುವಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಳು. ಕಣ್ಣು ಮಂಜಾದಾಗಲೂ, ಕಾಲಿನ ಗಾಯ ತಿಂಗಳುಗಟ್ಟಲೆ ಮಾಯದೆ ಇದ್ದಾಗಲೂ ಅವಳ ಪ್ರಶ್ನೆ ಅದೊಂದೇ. 2016ರಲ್ಲಿ ಅವಳು ತೀರಿಕೊಂಡಳು. ಪ್ರಶ್ನೆ ನನಗೆ ಉಳಿಯಿತು. ಕಾರ್ಕಳದ ದೊಡ್ಡಮ್ಮನಿಗೂ ಅದೇ ಕಾಯಿಲೆ. ಈಗ ನನ್ನ ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ 112. ನೂರರ ಒಳಗೆ ಇರಬೇಕಾದ್ದು, 126 ಮುಟ್ಟಿದರೆ ಕಾಯಿಲೆ. ನಾನು ನಡುವೆ ಇದ್ದೇನೆ.

ನಾನು ಬಿ.ಎ., ಬಿ.ಎಡ್. ಮಾಡಿದವಳು. ಕಲಿಸುವುದು ಕನ್ನಡ. ವಿಜ್ಞಾನದ ಟೀಚರು ರಜೆ ಹಾಕಿದ ಒಂದು ದಿನ ಒಂಬತ್ತನೆಯ ತರಗತಿಯ ಮಕ್ಕಳನ್ನು ಸುಮ್ಮನೆ ಕೂರಿಸಲಾರದೆ ಅವರದೇ ವಿಜ್ಞಾನ ಪುಸ್ತಕವನ್ನು ಗಟ್ಟಿಯಾಗಿ ಓದಿಸಿದೆ. ಜೀವಕೋಶದ ಪಾಠ. 'ಮೈಟೋಕಾಂಡ್ರಿಯ ಎಂದರೆ ಜೀವಕೋಶದ ಶಕ್ತಿಕೇಂದ್ರ' ಎಂದು ಒಬ್ಬಳು ಓದಿದಳು. ಈ ಉಚ್ಚಾರಕ್ಕೇ ನಾಲಗೆ ತೊಡರುವ ಹೆಸರಿಗೆ ಅರ್ಥವೇನು ಎಂದು ಇನ್ನೊಬ್ಬಳು ಕೇಳಿದಳು. ಶಬ್ದದ ಹಿಂದೆ ಬೀಳುವುದು ಕನ್ನಡ ಟೀಚರಿಗೆ ಅಂಟಿದ ಚಟವಷ್ಟೆ? ಹುಡುಕಿದೆ. ಗ್ರೀಕಿನಲ್ಲಿ 'ಮೈಟೋಸ್' ಎಂದರೆ ನೂಲು, 'ಕಾಂಡ್ರಿಯಾನ್' ಎಂದರೆ ಸಣ್ಣ ಕಾಳು. ಕಾರ್ಲ್ ಬೆಂಡಾ ಎಂಬ ಜರ್ಮನ್ ವಿಜ್ಞಾನಿ 1898ರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ಇಟ್ಟ ಹೆಸರು. ಕೆಲವು ಕಡೆ ನೂಲಿನ ಹಾಗೆ, ಕೆಲವು ಕಡೆ ಕಾಳಿನ ಹಾಗೆ ಅವನಿಗೆ ಕಂಡಿತಂತೆ. ಮರುದಿನ ಹುಡುಗಿಯರಿಗೆ ಹೇಳಿದೆ: "ನಮ್ಮ ಶಂಕರಪುರದ ಮಲ್ಲಿಗೆಯ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟುತ್ತಾರಲ್ಲ, ಹಾಗೆ ನೆನಪಿಟ್ಟುಕೊಳ್ಳಿ. ನಾರೂ ಅದೇ, ಮೊಗ್ಗೂ ಅದೇ." ಆಮೇಲೆ ಯಾರಿಗೂ ಆ ಹೆಸರು ಮರೆಯಲಿಲ್ಲ.

ಆದರೆ ಹೆಸರು ಗೊತ್ತಾದರೆ ಸಾಲದು, ಅದು ಮಾಡುವ ಕೆಲಸ ತಿಳಿಯಬೇಕು. ನನಗೆ ಅದು ಅರ್ಥವಾದದ್ದು ಅಡುಗೆಮನೆಯ ಭಾಷೆಯಲ್ಲಿ. ನಮ್ಮ ಹೆಚ್ಚಿನ ಬಗೆಯ ಜೀವಕೋಶಗಳೊಳಗೆ ನೂರಾರು, ಕೆಲವು ಕಡೆ ಸಾವಿರಾರು ಪುಟ್ಟ ಒಲೆಗಳಿವೆ. ನಾವು ತಿಂದ ಅನ್ನ, ಎಣ್ಣೆ ಎಲ್ಲ ಕರಗಿ ಸಕ್ಕರೆಯಾಗಿ, ಕೊಬ್ಬಾಗಿ ಅಲ್ಲಿಗೆ ತಲುಪುತ್ತವೆ. ಅದು ಸೌದೆ. ನಾವು ಉಸಿರಾಡಿದ ಆಮ್ಲಜನಕ ಗಾಳಿ. ಎರಡೂ ಸೇರಿ ಉರಿಯುತ್ತವೆ. ಆ ಉರಿಯಿಂದ ತಯಾರಾಗುವ ಶಕ್ತಿಯ ನಾಣ್ಯಕ್ಕೆ ಎಟಿಪಿ ಎಂದು ಹೆಸರು. ಕಣ್ಣು ಮಿಟುಕಿಸುವುದಕ್ಕೂ, ಎದೆ ಬಡಿಯುವುದಕ್ಕೂ ಈ ನಾಣ್ಯವೇ ಬೇಕು. ಇದನ್ನು ಮೊದಲು ಗುರುತಿಸಿದವರಲ್ಲಿ ನಮ್ಮವರೊಬ್ಬರಿದ್ದಾರೆ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್, ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರ ಜೊತೆ ಕೆಲಸ ಮಾಡುತ್ತಾ 1929ರಲ್ಲಿ ಸ್ನಾಯುವಿನಿಂದ ಎಟಿಪಿಯನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಅದನ್ನೇ ಕಂಡುಹಿಡಿದರು.

ಸರಿ, ಒಲೆಗೂ ಶುಗರಿಗೂ ಏನು ಸಂಬಂಧ? ಇದನ್ನು ನನಗೆ ಬಿಡಿಸಿ ಹೇಳಿದವರು ಮಣಿಪಾಲದಲ್ಲಿ ನನ್ನನ್ನು ನೋಡಿದ ಡಾಕ್ಟರಮ್ಮ. ವಯಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ ಇರಬಹುದು. ಮಣಿಪಾಲವೆಂದರೆ ನಮ್ಮ ಹಿರಿಯರಿಗೆ ಕಲ್ಲುಗುಡ್ಡ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ತೆರೆದ ಮೇಲೆ ಅದು ಊರಾಯಿತು. ಈಗ ನಾವೆಲ್ಲ ಅಲ್ಲಿಗೆ ಹೋಗಿ ಚೀಟಿ ಹಿಡಿದು ಸಾಲಿನಲ್ಲಿ ಕೂರುವವರು. ನನ್ನ ಸರದಿ ಬಂದಾಗ ಅಮ್ಮನ ಪ್ರಶ್ನೆಯನ್ನೇ ನಾನು ಕೇಳಿದೆ. ಡಾಕ್ಟರಮ್ಮ ಚೀಟಿಯ ಹಿಂಬದಿಯಲ್ಲಿ ಎರಡು ಚಿತ್ರ ಬರೆದರು.

ಮೊದಲನೆಯದು ಹೊಟ್ಟೆಯ ಹಿಂದಿರುವ ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶ. ಇನ್ಸುಲಿನ್ ತಯಾರಾಗುವುದು ಇಲ್ಲಿ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರಿದೆ ಎಂದು ಈ ಕೋಶಕ್ಕೆ ತಿಳಿಯುವುದು ಹೇಗೆ? ತನ್ನ ಒಲೆಯಿಂದ. ರಕ್ತದ ಸಕ್ಕರೆ ಒಳಗೆ ಬಂದು ಮೈಟೋಕಾಂಡ್ರಿಯದಲ್ಲಿ ಉರಿದಾಗ ಎಟಿಪಿ ಹೆಚ್ಚುತ್ತದೆ. ಎಟಿಪಿ ಹೆಚ್ಚಿದಾಗ ಕೋಶದ ಗೋಡೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಬಾಗಿಲು ಮುಚ್ಚುತ್ತದೆ. ಅದು ಮುಚ್ಚಿದಾಗ ಕ್ಯಾಲ್ಸಿಯಂ ಬರುವ ಇನ್ನೊಂದು ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ ನುಗ್ಗಿತೋ, ಇನ್ಸುಲಿನ್ ಹೊರಗೆ ಹೊರಟಿತು. ಮನೆಯ ಯಜಮಾನಿ ಒಲೆಯ ಉರಿ ನೋಡಿಯೇ ಅಕ್ಕಿ ಎಷ್ಟು ಹಾಕಬೇಕೆಂದು ಹೇಳುತ್ತಿದ್ದ ಹಾಗೆ. ಒಲೆ ಮಂಕಾದರೆ ಲೆಕ್ಕ ತಪ್ಪುತ್ತದೆ. ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಕೋಶಕ್ಕೆ ಅದರ ಸುದ್ದಿ ಮುಟ್ಟುವುದಿಲ್ಲ.

ಎರಡನೆಯದು ತೊಡೆಯ ಸ್ನಾಯುವಿನ ಕೋಶ. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲನ್ನು ಒಳಗೆ ಸೇರಿಸಿಕೊಳ್ಳಬೇಕಾದದ್ದು ಸ್ನಾಯುಗಳು. ಕೆಲಸವಿಲ್ಲದೆ ಕೂತ ಸ್ನಾಯುವಿನಲ್ಲಿ ಒಲೆಗಳು ಕಡಿಮೆ, ಇದ್ದವೂ ಮಂದ. ಅಲ್ಲಿಗೆ ಮೂರು ಹೊತ್ತೂ ಸೌದೆ ಬಂದು ಬೀಳುತ್ತಲೇ ಇದ್ದರೆ? ಸೌದೆ ತುರುಕಿದ ಒಲೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಇದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉರಿಯದ ಕೊಬ್ಬು ಸ್ನಾಯುವಿನಲ್ಲೂ ಪಿತ್ತಜನಕಾಂಗದಲ್ಲೂ ಶೇಖರವಾಗುತ್ತದೆ. ಅದರ ತುಣುಕುಗಳು ಇನ್ಸುಲಿನ್ ತಂದ ಸಂದೇಶಕ್ಕೆ ಅಡ್ಡ ನಿಲ್ಲುತ್ತವೆ. ಇನ್ಸುಲಿನ್ ಬಾಗಿಲು ಬಡಿಯುತ್ತದೆ, ಒಳಗಿನವರು ತೆರೆಯುವುದಿಲ್ಲ. ಬೀಟಾ ಕೋಶ ಇನ್ನಷ್ಟು ಇನ್ಸುಲಿನ್ ಕಳಿಸುತ್ತದೆ, ವರ್ಷಗಟ್ಟಲೆ ಹೀಗೆ ದುಡಿದು ಕೊನೆಗೆ ಸೋಲುತ್ತದೆ. ಒಲೆ ಮಂಕಾದದ್ದರಿಂದ ಕಾಯಿಲೆಯೋ, ಕಾಯಿಲೆಯಿಂದ ಒಲೆ ಮಂಕಾಯಿತೋ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ನಡೆದಿದೆ. ಎರಡೂ ಒಂದನ್ನೊಂದು ಎಳೆಯುತ್ತವೆ ಎನ್ನುವವರೇ ಹೆಚ್ಚು.

ಡಾಕ್ಟರಮ್ಮ ಹೇಳಿದ ಇನ್ನೊಂದು ಮಾತು ಕೇಳಿ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಈ ಒಲೆಗಳು ನಮಗೆ ಬರುವುದು ತಾಯಿಯಿಂದ ಮಾತ್ರ. ಬಣ್ಣ, ಮೂಗು, ಎತ್ತರ ಇವಕ್ಕೆಲ್ಲ ಅಪ್ಪನ ಪಾಲೂ ಉಂಟು. ಮೈಟೋಕಾಂಡ್ರಿಯಕ್ಕೆ ತನ್ನದೇ ಆದ ಪುಟ್ಟ ವಂಶಪತ್ರವಿದೆ, ಬರೀ 37 ಜೀನುಗಳದ್ದು. ಅದು ತಾಯಿಯ ಅಂಡದಲ್ಲಿ ಬರುತ್ತದೆ, ಅಪ್ಪನ ಕಡೆಯದು ಗರ್ಭ ಕಟ್ಟಿದಾಗಲೇ ನಾಶವಾಗುತ್ತದೆ. ನಮ್ಮ ತುಳುನಾಡಿನವರಿಗೆ ಇದು ಹೊಸತೇ? ಇಲ್ಲಿನ ಎಷ್ಟೋ ಸಮುದಾಯಗಳಲ್ಲಿ ಅಳಿಯಸಂತಾನದ ಕಾಲದಿಂದ 'ಬಳಿ' ಎಂಬುದು ತಾಯಿಯದು. ಸಂಬಂಧ ನೋಡುವಾಗ "ನಿನ್ನ ಅಮ್ಮನ ಬಳಿ ಯಾವುದು?" ಎಂದೇ ಕೇಳುವುದು. ಆಸ್ತಿಯ ಕಾನೂನು ಬದಲಾಯಿತು, ಬಳಿ ಬದಲಾಗಲಿಲ್ಲ. ದೇಹದೊಳಗೂ ಒಂದು ಬಳಿ ಹೀಗೆಯೇ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಹರಿಯುತ್ತಿದೆ.

ಹಾಗಾದರೆ ಶುಗರೂ ಅಮ್ಮನದೇ ಬಳುವಳಿಯೋ? ಅಮ್ಮನ ಮೇಲಿದ್ದ ಒಂದು ಅಪವಾದ ಇಳಿಸಲು ಹೋಗಿ ನಾನು ಇನ್ನೊಂದನ್ನು ಹೊರಿಸಿದಂತಾಗಬಾರದಲ್ಲ! 1992ರಲ್ಲಿ ವಿಜ್ಞಾನಿಗಳು ತಾಯಿಯಿಂದ ಮಾತ್ರ ಬರುವ ಒಂದು ಬಗೆಯ ಮಧುಮೇಹವನ್ನು ಗುರುತಿಸಿದ್ದು ನಿಜ. ಮೈಟೋಕಾಂಡ್ರಿಯದ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಬರುವ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಿವಿಯೂ ಮಂದವಾಗುತ್ತದೆ. ಆದರೆ ಅದು ಅಪರೂಪ. ಮಧುಮೇಹಿಗಳಲ್ಲಿ ನೂರಕ್ಕೆ ಒಬ್ಬರಲ್ಲಿ ಕಂಡರೆ ಹೆಚ್ಚು. ಮನೆಮನೆಯಲ್ಲಿರುವ ಶುಗರಿಗೆ ಅಪ್ಪ ಅಮ್ಮ ಇಬ್ಬರ ಕಡೆಯ ಎಷ್ಟೋ ಜೀನುಗಳೂ, ನಮ್ಮ ಬದುಕಿನ ರೀತಿಯೂ ಕಾರಣ. 2004ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಮಧುಮೇಹಿಗಳ ಮಕ್ಕಳಲ್ಲಿ, ಇನ್ನೂ ಕಾಯಿಲೆ ಬಾರದ, ತೆಳ್ಳಗಿನ, ಆದರೆ ಇನ್ಸುಲಿನ್ ಮಾತು ಕೇಳದ ಯುವಕ ಯುವತಿಯರನ್ನು ಪರೀಕ್ಷಿಸಿದಾಗ ಅವರ ಸ್ನಾಯುವಿನ ಒಲೆಗಳ ಉರಿ ಉಳಿದವರಿಗಿಂತ ಸುಮಾರು ನೂರಕ್ಕೆ 30ರಷ್ಟು ಕಡಿಮೆ ಇತ್ತು. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಎಂಬುದು ನಮ್ಮ ಭಾರತೀಯರ ದೇಹದ ಗುಣ ಎಂದು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಬಹಳ ಹಿಂದೆಯೇ ತೋರಿಸಿದ್ದಾರೆ. ಗಂಜಿ ಉಂಡು ಕಡ್ಡಿಯ ಹಾಗಿದ್ದ ಅಮ್ಮನಿಗೆ ಶುಗರ್ ಬಂದದ್ದರಲ್ಲಿ ಗುಟ್ಟೇನೂ ಇರಲಿಲ್ಲ.

ಒಂದು ಮಾತ್ರ ಇತ್ತು. ಅಮ್ಮ ಏನು ತಿಂದಳು ಎಂದು ಎಲ್ಲರೂ ಕೇಳಿದರು, ಅಮ್ಮ ಏನು ಮಾಡುತ್ತಿದ್ದಳು ಎಂದು ಯಾರೂ ಕೇಳಲಿಲ್ಲ. ನಾನು ಸಣ್ಣವಳಿದ್ದಾಗ ಅಮ್ಮ ಸೊಂಟ ಬಗ್ಗಿಸಿ ನೇಜಿ ನೆಟ್ಟವಳು, ಬಾವಿಯಿಂದ ನೀರು ಸೇದಿದವಳು, ಒನಕೆ ಹಿಡಿದವಳು, ತಲೆಯ ಮೇಲೆ ತರಗೆಲೆಯ ಹೊರೆ ಹೊತ್ತವಳು. ಆಗಲೂ ಊಟ ಅದೇ ಕುಚ್ಚಲಕ್ಕಿಯ ಗಂಜಿ. ಗದ್ದೆಗಳು ಒಂದೊಂದಾಗಿ ತೆಂಗಿನ ತೋಟವಾಗಿ, ಮನೆಯ ಅಡಿಸ್ಥಳವಾಗಿ ಮುಗಿದವು. ಮಿಲ್ಲು ಬಂತು, ಪಂಪು ಬಂತು. ಮಕ್ಕಳ ಫೀಸಿಗೆ ದುಡ್ಡು ಬೇಕಲ್ಲ? ಅಮ್ಮ ಮಡಿಲಿಗೆ ಬೀಡಿಯ ಗೆರಸೆ ತೆಗೆದುಕೊಂಡಳು. ಕಾಪುವಿನಿಂದ ಕಾರ್ಕಳದವರೆಗೆ ಆ ಕಾಲದ ಎಷ್ಟು ಹೆಣ್ಣುಮಕ್ಕಳು ಚಾವಡಿಯಲ್ಲಿ ಕೂತು ಬೀಡಿ ಕಟ್ಟಿ ಮನೆ ನಡೆಸಿದ್ದಾರೆ! ಬೆಳಗ್ಗೆ ಕೂತರೆ ಸಂಜೆ ಬ್ರಾಂಚಿಗೆ ಕೊಡುವವರೆಗೆ ಬೆರಳು ಮಾತ್ರ ಓಡುತ್ತದೆ, ಕಾಲು ಮಡಚಿಯೇ ಇರುತ್ತದೆ. ನನ್ನ ಬಿ.ಎಡ್. ಅಮ್ಮನ ಆ ಮಡಚಿದ ಕಾಲಿನ ದುಡಿಮೆ. ಸೌದೆ ಅಷ್ಟೇ ಬರುತ್ತಿತ್ತು, ಒಲೆಗಳು ಮಾತ್ರ ಒಂದೊಂದಾಗಿ ಆರುತ್ತಿದ್ದವು. ಅಮ್ಮನ ಪ್ರಶ್ನೆಗೆ ನನಗೆ ಸಿಕ್ಕಿದ ಉತ್ತರ ಇದು. ಅವಳಿಗೆ ಶುಗರ್ ತಂದದ್ದರಲ್ಲಿ ನಾಲಗೆಯ ಚಪಲ ಇರಲಿಲ್ಲ, ಸಂಸಾರದ ಹೊಣೆ ಇತ್ತು.

ಆರಿದ ಒಲೆ ಹೊತ್ತುತ್ತದೆಯೇ? ಹೊತ್ತುತ್ತದೆ; ಹೊಸ ಒಲೆಯನ್ನೂ ಹಾಕಬಹುದು. ಇಡೀ ವಿಷಯದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ ಇದೇ. 1967ರಲ್ಲಿ ಅಮೆರಿಕದ ಜಾನ್ ಹೊಲೋಸಿ ಎಂಬ ವಿಜ್ಞಾನಿ ಇಲಿಗಳನ್ನು ಸುಮಾರು ಮೂರು ತಿಂಗಳು ದಿನವೂ ಓಡಿಸಿ ನೋಡಿದರು. ಅವುಗಳ ಕಾಲಿನ ಸ್ನಾಯುವಿನಲ್ಲಿ ಮೈಟೋಕಾಂಡ್ರಿಯದ ಸಾಮರ್ಥ್ಯ ಸುಮಾರು ಇಮ್ಮಡಿಯಾಗಿತ್ತು. ಮನುಷ್ಯರಲ್ಲೂ ಹೀಗೆ ಹೆಚ್ಚುತ್ತದೆ ಎಂದು ಆಮೇಲೆ ಗೊತ್ತಾಯಿತು, ವಯಸ್ಸಾದವರಲ್ಲೂ. ಹಳೆಯ, ಕೆಟ್ಟ ಮೈಟೋಕಾಂಡ್ರಿಯವನ್ನು ಕೋಶ ತಾನೇ ಒಡೆದು ಅದರ ಸಾಮಗ್ರಿಯನ್ನು ಮತ್ತೆ ಬಳಸುತ್ತದೆ. ಬಿರುಕುಬಿಟ್ಟ ಮಣ್ಣಿನ ಒಲೆಯನ್ನು ಅಜ್ಜಿ ಒಡೆದು, ಅದೇ ಮಣ್ಣು ಕಲಸಿ ಹೊಸ ಒಲೆ ಹಾಕುತ್ತಿದ್ದಳಲ್ಲ, ಹಾಗೆ. ಕೋಶ ತನ್ನನ್ನೇ ಹೀಗೆ ಶುಚಿಗೊಳಿಸುವ ಕ್ರಮವನ್ನು ಬಿಡಿಸಿದ್ದಕ್ಕೆ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಅಷ್ಟೇ ಅಲ್ಲ, ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಬಿಸಿಲಲ್ಲಿ ನಡೆದು ಬಂದವರಿಗೆ ಬೆಲ್ಲ ಕೊಡುತ್ತಿದ್ದ ನಮ್ಮ ಹಿರಿಯರಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ, ಲೆಕ್ಕ ಮಾತ್ರ ಸರಿಯಿತ್ತು.

ಇದು ಬರೀ ಇಲಿಯ ಕತೆಯಲ್ಲ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನನ್ನ ಹಾಗೆ ಹೊಸ್ತಿಲಲ್ಲಿ ನಿಂತ 531 ಭಾರತೀಯರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ವರದಿ ಪ್ರಕಟಿಸಿದರು. ವಿಶೇಷವಾಗಿ ಏನನ್ನೂ ಮಾಡದೆ ಬಿಟ್ಟವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ನಡಿಗೆ, ಊಟದ ಹಿತಮಿತ ಪಾಲಿಸಿದವರಲ್ಲಿ 39 ಮಂದಿಗೆ. ಎಲ್ಲರೂ ಪಾರಾಗಲಿಲ್ಲ ಎಂಬುದನ್ನೂ ಗಮನಿಸಬೇಕು. ನಡೆದೂ ಶುಗರ್ ಬಂದವರನ್ನು ದೂರುವ ಹಾಗಿಲ್ಲ. ಮಾತ್ರೆ ಬೇಕಾದವರು ಮಾತ್ರೆ ತೆಗೆದುಕೊಳ್ಳಲೇಬೇಕು. ಗಾಳಿಯ ಮಾತು ಕೇಳಿ ಮದ್ದು ಬಿಟ್ಟು ಕಷಾಯ ಹಿಡಿದವರ ಗತಿಯನ್ನೂ ನಾವು ನೋಡಿದ್ದೇವೆ.

"ಮನೆಯಲ್ಲಿ ದಿನವಿಡೀ ಕೆಲಸ ಮಾಡುತ್ತೇನಲ್ಲ, ಮತ್ತೆ ನಡೆಯುವುದು ಯಾಕೆ?" ಎಂದು ನಮ್ಮವರು ಕೇಳುತ್ತಾರೆ. ನಾನೂ ಕೇಳಿದ್ದೆ. ಕೆಲಸ ಇಲ್ಲವೆಂದಲ್ಲ, ಡಾಕ್ಟರಮ್ಮ ಹೇಳಿದರು. ಮಿಕ್ಸಿ, ಗ್ಯಾಸು, ನಳ್ಳಿ ಬಂದ ಮೇಲೆ ಆ ಕೆಲಸದಲ್ಲಿ ದಣಿವು ಉಂಟು, ಏದುಸಿರು ಇಲ್ಲ. ಒಲೆಗೆ ಬೇಕಾದದ್ದು ಏದುಸಿರು. ಹಾಗಾಗಿ ನಾನು ಉಡುಪಿಯಲ್ಲಿ ಬೆಳಗ್ಗೆ ಐದೂವರೆಗೆ ಹೊರಡುತ್ತೇನೆ. ದೊಡ್ಡಮ್ಮನನ್ನು ನೋಡಲು ಕಾರ್ಕಳಕ್ಕೆ ಹೋದಾಗಲೆಲ್ಲ ಗೊಮ್ಮಟನ ಬೆಟ್ಟ ಹತ್ತುತ್ತೇನೆ. 1432ರಿಂದ ಅಲ್ಲಿ ನಿಂತೇ ಇರುವ 42 ಅಡಿಯ ಆ ಮೂರ್ತಿಯ ಮುಂದೆ, ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ ನಿಲ್ಲುವುದೇ ಒಂದು ಪೂಜೆ ಅನಿಸುತ್ತದೆ. ಮೊದಮೊದಲು ನೆರೆಯವರು "ಇಷ್ಟು ಬೆಳಗ್ಗೆ ಎಲ್ಲಿಗೆ?" ಎನ್ನುತ್ತಿದ್ದರು. ಈಗ ಅವರಲ್ಲಿ ಇಬ್ಬರು ನನ್ನ ಜೊತೆಗೇ ಬರುತ್ತಾರೆ. ನಮ್ಮ ಮನೆಗಳಲ್ಲಿ ತಿಂಡಿ ಅರ್ಧ ಗಂಟೆ ತಡವಾಗುತ್ತದೆ. ಯಾರೂ ಉಪವಾಸ ಬಿದ್ದಿಲ್ಲ.

ಶಾಲೆಯಲ್ಲಿ ಮಾತ್ರ ನಾನೊಂದು ಹಟ ಹಿಡಿದಿದ್ದೇನೆ. ಪರೀಕ್ಷೆ ಹತ್ತಿರ ಬಂದೊಡನೆ ಎಲ್ಲರ ಕಣ್ಣು ಬೀಳುವುದು ಹುಡುಗಿಯರ ಆಟದ ಪೀರಿಯಡ್ಡಿನ ಮೇಲೆ. ಗಣಿತಕ್ಕೆ ಕೊಡಿ, ಇಂಗ್ಲಿಷಿಗೆ ಕೊಡಿ. ಕೊಡಬೇಡಿ ಎಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಕನ್ನಡ ಟೀಚರಿಗೆ ಆಟದ ಉಸಾಬರಿ ಯಾಕೆ ಎಂದು ಕೆಲವರು ನಗುತ್ತಾರೆ. ನಾನು ಅವರಿಗೆ ಒಂದೇ ಒಂದು ಸಂಗತಿ ಹೇಳುತ್ತೇನೆ. ಹೆಣ್ಣುಮಗು ಹುಟ್ಟುವಾಗಲೇ ತನ್ನ ಆಯುಷ್ಯದ ಅಂಡಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಹುಟ್ಟುತ್ತದೆ. ಎಂದರೆ, ಅಜ್ಜಿ ಬಸುರಿಯಾಗಿ ಒನಕೆ ಹಿಡಿದು ಭತ್ತ ಕುಟ್ಟುತ್ತಿದ್ದ ದಿನಗಳಲ್ಲಿ, ಅವಳ ಹೊಟ್ಟೆಯಲ್ಲಿದ್ದ ಅಮ್ಮನ ಒಳಗೆ, ಮುಂದೆ ನಾನಾಗಲಿದ್ದ ಕಾಳು ಆಗಲೇ ಇತ್ತು, ತನ್ನ ಒಲೆಗಳ ಸಮೇತ. ಅಂಗಳದಲ್ಲಿ ಜಡೆ ಬೀಸಿಕೊಂಡು ಥ್ರೋಬಾಲ್ ಆಡುವ ಈ ಹುಡುಗಿಯರೂ ಹಾಗೆಯೇ ಯಾರ್ಯಾರ ಒಲೆಗಳನ್ನೋ ಹೊತ್ತುಕೊಂಡು ಓಡುತ್ತಿದ್ದಾರೆ. ಅವರು ಏದುಸಿರು ಬಿಡಲಿ. ಕನ್ನಡವನ್ನು ನಾನು ಸಂಜೆ ಕೂತು ಹೇಳಿಕೊಡುತ್ತೇನೆ.